ಸೋಲಿಗೆ ಮೇಕೆ ಕಾರಣವಲ್ಲ

ಆಟಗಾರರಿಗಿಂತ ಅಭಿಮಾನಿಗಳೇ ಹೆಚ್ಚು ವ್ರತ ಹಿಡಿಯುವ ಆಟ ಯಾವುದು? ನಾವು ಕ್ರಿಕೆಟ್ ಎನ್ನುತ್ತೇವೆ, ಅಮೆರಿಕದವರು ಬೇಸ್‌ಬಾಲ್ ಎನ್ನುತ್ತಾರೆ. ಬೇಸ್‌ಬಾಲ್ ಸುದ್ದಿಗಳನ್ನು ಬಿಡದೆ ಓದುವ ನನಗೆ ಅಲ್ಲಿನ ಅಭಿಮಾನಿಗಳು ನಮ್ಮ ಬೀದಿಯವರೇ ಅನ್ನಿಸುತ್ತಾರೆ. ತಂಡ ಹಿಂದೆ ಬಿದ್ದಾಗ ಟೋಪಿಯನ್ನು ಒಳಹೊರಗು ಮಾಡಿ ಹಾಕಿಕೊಳ್ಳುತ್ತಾರೆ. ಅದಕ್ಕೆ ‘ರ‍್ಯಾಲಿ ಕ್ಯಾಪ್’ ಎಂಬ ಹೆಸರೇ ಇದೆ. ಪಿಚರ್ ಒಂದೂ ಹಿಟ್ ಬಿಟ್ಟುಕೊಡದೆ ಎಸೆಯುತ್ತಿದ್ದರೆ ‘ನೋ ಹಿಟರ್’ ಎಂಬ ಮಾತನ್ನು ಬಾಯಿಬಿಟ್ಟು ಹೇಳುವಂತಿಲ್ಲ, ದೃಷ್ಟಿ ತಾಗುತ್ತದೆ!

ನಗುವ ಮೊದಲು ಕಾರಣ ನೋಡೋಣ. ತಾವೂ ಬೇಸ್‌ಬಾಲ್ ಆಡಿದ್ದ ಮಾನವಶಾಸ್ತ್ರಜ್ಞ ಜಾರ್ಜ್ ಗ್ಮೆಲ್ಕ್ ಒಂದು ಸಂಗತಿ ಗುರುತಿಸಿದರು. ಫೀಲ್ಡಿಂಗ್‌ನಲ್ಲಿ ತಪ್ಪುಗಳು ತೀರಾ ಕಡಿಮೆ, ಅಲ್ಲಿ ಇಂಥ ನಂಬಿಕೆಗಳೂ ಕಡಿಮೆ. ಬ್ಯಾಟಿಂಗ್‌ನಲ್ಲಿ ಹತ್ತರಲ್ಲಿ ಮೂರು ಸಲ ಹಿಟ್ ಹೊಡೆದವನೇ ಉತ್ತಮ ಆಟಗಾರ, ಅಲ್ಲಿ ನೇಮಗಳ ಸಾಲೇ ಇದೆ. ಹೆಸರಾಂತ ಬ್ಯಾಟರ್ ವೇಡ್ ಬಾಗ್ಸ್ ಪಂದ್ಯಕ್ಕೆ ಮೊದಲು ತಪ್ಪದೆ ಕೋಳಿ ತಿನ್ನುತ್ತಿದ್ದರು. ಫಲ ಕೈಯಲ್ಲಿ ಇಲ್ಲದಷ್ಟೂ ನೇಮ ಹೆಚ್ಚು. ಹಾಗಿದ್ದರೆ ಕೈಯಲ್ಲಿ ಬ್ಯಾಟೂ ಇಲ್ಲದ, ಚೆಂಡೂ ಇಲ್ಲದ ಅಭಿಮಾನಿಯ ಪಾಡೇನು? ತನಗೂ ಆಟದಲ್ಲಿ ಒಂದು ಪಾಲಿದೆ ಎಂದುಕೊಳ್ಳಲು ಅವನಿಗೆ ಇರುವುದು ಟೋಪಿ ಮಾತ್ರ.

ತನ್ನ ಪಾಡಿಗೆ ಟೋಪಿ ತಿರುಗಿಸಿದರೆ ಯಾರಿಗೂ ನಷ್ಟವಿಲ್ಲ. ಸೋಲಿಗೆ ಹೊಣೆಗಾರರನ್ನು ಹುಡುಕತೊಡಗಿದಾಗ ಕಷ್ಟ ಶುರು. 1945ರಲ್ಲಿ ತನ್ನ ಮೇಕೆಯನ್ನು ಕ್ರೀಡಾಂಗಣದಿಂದ ಹೊರಹಾಕಿದ್ದಕ್ಕೆ ಹೋಟೆಲ್ ಮಾಲೀಕನೊಬ್ಬ ಶಾಪ ಹಾಕಿದ, ಅದಕ್ಕೇ ಶಿಕಾಗೋ ಕಬ್ಸ್ ಗೆಲ್ಲುತ್ತಿಲ್ಲ ಎಂಬ ಕಥೆ ಆ ನಗರದಲ್ಲಿ ದಶಕಗಳ ಕಾಲ ಬದುಕಿತ್ತು. 2003ರಲ್ಲಿ ಫೈನಲ್‌ಗೆ ತೀರಾ ಹತ್ತಿರವಿದ್ದ ಪಂದ್ಯದಲ್ಲಿ ತನ್ನತ್ತ ಬಂದ ಚೆಂಡಿಗೆ ಒಬ್ಬ ಪ್ರೇಕ್ಷಕ ಕೈ ಚಾಚಿದ. ಅಕ್ಕಪಕ್ಕದವರೂ ಚಾಚಿದ್ದರು. ಆಮೇಲೆ ತಂಡ ಅದೇ ಇನಿಂಗ್ಸ್‌ನಲ್ಲಿ ಎಂಟು ರನ್ ಬಿಟ್ಟುಕೊಟ್ಟಿತು, ಸುಲಭದ ಚೆಂಡನ್ನೂ ಕೈಚೆಲ್ಲಿತು. ಆದರೆ ಬೈಗುಳ ಬಿದ್ದಿದ್ದು ಆ ಅಭಿಮಾನಿಗೆ. ಕಾವಲಿನಲ್ಲಿ ಅವನನ್ನು ಹೊರಗೆ ಕರೆದೊಯ್ಯಬೇಕಾಯಿತು. 2016ರಲ್ಲಿ, 108 ವರ್ಷಗಳ ಬಳಿಕ, ಕಬ್ಸ್ ಗೆದ್ದಿತು. ಮರುವರ್ಷ ಕ್ಲಬ್ ಅವನಿಗೂ ವಿಜಯದ ಉಂಗುರ ಕೊಟ್ಟಿತು. ನಮ್ಮಲ್ಲಿ ಆಟಗಾರರ ಪತ್ನಿಯರನ್ನು ‘ಅಪಶಕುನ’ ಎಂದು ಜಾಲತಾಣಗಳಲ್ಲಿ ಜರೆಯುವವರು ಈ ಕಥೆ ಓದಬೇಕು.

ಇನ್ನೊಂದು ಅಪಾಯ ಮಾಲೀಕರ ಕಡೆಯಿಂದ ಬರುತ್ತದೆ. ಓಕ್ಲೆಂಡ್ ಅಥ್ಲೆಟಿಕ್ಸ್ 1968ರಿಂದ 2024ರವರೆಗೆ ಆ ಊರಿನ ತಂಡವಾಗಿತ್ತು, ಅಲ್ಲಿದ್ದಾಗ ನಾಲ್ಕು ಸಲ ವಿಶ್ವ ಸರಣಿ ಗೆದ್ದಿತ್ತು. ಮಾಲೀಕರು ಅದನ್ನು ಲಾಸ್ ವೇಗಸ್‌ಗೆ ಒಯ್ಯಲು ಹೊರಟಾಗ, ಅಭಿಮಾನಿಗಳು 2023ರ ಜೂನ್ 13ರಂದು ‘ತಂಡ ಮಾರಿ’ ಎಂಬ ಅಂಗಿ ತೊಟ್ಟು 27 ಸಾವಿರಕ್ಕೂ ಹೆಚ್ಚು ಮಂದಿ ಮೈದಾನ ತುಂಬಿಸಿದರು. ನಾವಿದ್ದೇವೆ ಎಂದು ತೋರಿಸುವುದೇ ಅವರ ಪ್ರತಿಭಟನೆ. ಅಂದು ತಂಡ ಗೆದ್ದಿತು, ಅಭಿಮಾನಿಗಳು ಸೋತರು. 2024ರ ಸೆಪ್ಟೆಂಬರ್ 26ರಂದು ಅಲ್ಲಿ ಕೊನೆಯ ಪಂದ್ಯ ನಡೆಯಿತು.

ನಾನೂ ಆರ್‌ಸಿಬಿ ಅಭಿಮಾನಿ. ‘ಈ ಸಲ ಕಪ್ ನಮ್ದೇ’ ಎಂದು ಪ್ರತಿ ವರ್ಷ ಹೇಳಿ, 18ನೇ ಆವೃತ್ತಿಯಲ್ಲಿ ಅದು ನಿಜವಾದಾಗ ಎಲ್ಲರಂತೆ ಕುಣಿದವನು. ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಜೆರ್ಸಿ ಮಾರಲು, ಜಾಹೀರಾತು ತರಲು ನಮ್ಮ ನಿಷ್ಠೆಯ ಲೆಕ್ಕ ಹಾಕುವ ಆಟದ ಲೋಕ, ನಾವು ಎಷ್ಟು ಜನ ಬರುತ್ತೇವೆ, ಎಲ್ಲಿ ನಿಲ್ಲುತ್ತೇವೆ ಎಂಬ ಲೆಕ್ಕವನ್ನೂ ಹಾಕಬೇಕಿತ್ತಲ್ಲವೇ?

ಬೇರೆ ದಾರಿ ಇಲ್ಲವೆಂದೇನಲ್ಲ. ಅಮೆರಿಕದ್ದೇ ಫುಟ್‌ಬಾಲ್ ತಂಡ ಗ್ರೀನ್ ಬೇ ಪ್ಯಾಕರ್ಸ್‌ಗೆ 5 ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಲಾಭಾಂಶ ಸಿಗದಿದ್ದರೂ ಜನ ಷೇರು ಕೊಂಡಿದ್ದಾರೆ, ಸಣ್ಣ ಊರಿನ ಆ ತಂಡ ಊರು ಬಿಟ್ಟು ಹೋಗಿಲ್ಲ. ನಮ್ಮಲ್ಲಿ ಅಷ್ಟು ದೂರದ ಮಾತು ಬೇಡ. ಟಿಕೆಟ್ ದರ, ಗೇಟಿನ ವ್ಯವಸ್ಥೆ, ಸಂಭ್ರಮಾಚರಣೆಯ ಯೋಜನೆ ಇವುಗಳ ಬಗ್ಗೆ ಅಭಿಮಾನಿಗಳ ಪ್ರತಿನಿಧಿಗಳನ್ನು ಕೂರಿಸಿ ಕೇಳಲಿ. ಅದೃಷ್ಟದ ಜೆರ್ಸಿಯನ್ನು ನಾವು ತೊಟ್ಟೇ ತೊಡುತ್ತೇವೆ. ಅದರ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳೋಣ.