ಪೆಟ್ರೋಲ್ ‘ಹಾಕಿಸುವ’ ನಾವು

ಪೆಟ್ರೋಲನ್ನು ನಾವು ಹಾಕಿಕೊಳ್ಳುವುದಿಲ್ಲ, ಹಾಕಿಸುತ್ತೇವೆ. ಪಡುಬಿದ್ರಿಗೆ ಹೊರಟವರಿಗೆ ‘ಹಾಗೇ ಸ್ಕೂಟರಿಗೆ ಪೆಟ್ರೋಲ್ ಹಾಕಿಸ್ಕೊಂಡು ಬಾ’ ಅನ್ನುತ್ತೇವೆ. ಬಂಕಿನಲ್ಲಿ ಪೈಪು ಹಿಡಿಯಲು ಇನ್ನೊಬ್ಬರು ಇದ್ದೇ ಇರುತ್ತಾರೆ ಎನ್ನುವುದು ನಮ್ಮ ಮಾತಿನಲ್ಲೇ ಸೇರಿಹೋಗಿದೆ.

ಅಮೆರಿಕಕ್ಕೆ ಹೋದ ಮಕ್ಕಳು ಈ ಕೆಲಸವನ್ನು ತಾವೇ ಮಾಡಲು ಕಲಿಯುತ್ತಾರೆ. ಆದರೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಆ ಕಷ್ಟವಿಲ್ಲ. ‘ಇಲ್ಲಿ ನಾವು ಪೈಪು ಮುಟ್ಟುವ ಹಾಗೇ ಇಲ್ಲ ಅಕ್ಕಾ, ಕಾನೂನು’ ಅನ್ನುತ್ತಾಳೆ. 1949ರ ಕಾನೂನು ಅದು. ತಪ್ಪಿದರೆ ದಂಡ ಬಂಕಿನವರಿಗೆ. 1951ರಿಂದ ಇಂಥದ್ದೇ ನಿಷೇಧವಿದ್ದ ಒರೆಗಾನ್ 2023ರ ಆಗಸ್ಟ್‌ನಲ್ಲಿ ಅದನ್ನು ಕೈಬಿಟ್ಟಿತು. ಈಗ 50 ರಾಜ್ಯಗಳಲ್ಲಿ ಉಳಿದಿರುವುದು ನ್ಯೂಜೆರ್ಸಿ ಒಂದೇ.

ಕಾನೂನಿನಲ್ಲಿ ಬರೆದ ಕಾರಣ ಬೆಂಕಿಯ ಭಯ. ಒಳಗಿನ ಕತೆ ಬೇರೆಯೇ ಮಾರಾಯ್ರೆ! ಆಗ ಹ್ಯಾಕೆನ್ಸಾಕ್ ಊರಲ್ಲಿ ಒಬ್ಬ, ಗಿರಾಕಿಗಳೇ ಹಾಕಿಕೊಳ್ಳುವ ಬಂಕ್ ತೆರೆದು ಕಡಿಮೆ ದರಕ್ಕೆ ಮಾರತೊಡಗಿದ್ದನಂತೆ. ಉಳಿದ ಬಂಕಿನವರಿಗೆ ಹೊಟ್ಟೆಗೆ ಬಿತ್ತು ಪೆಟ್ಟು. ಅವರ ಸಂಘದ ಒತ್ತಡದಿಂದಲೇ ಕಾನೂನು ಬಂತು ಎನ್ನುತ್ತಾರೆ.

ನಮ್ಮ ನಂದಿಕೂರಿಗೂ ಎಣ್ಣೆಗೂ ನಂಟಿದೆ. ಪಕ್ಕದ ಪಾದೂರಿನಲ್ಲಿ ಬಂಡೆ ಕೊರೆದು ದೇಶದ ಆಪತ್ಕಾಲಕ್ಕೆಂದು 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನೇ ಮಾಡಿದ್ದಾರೆ. ಆದರೆ ಎಣ್ಣೆಯಿಂದ ದಿನದ ಅನ್ನ ಕಾಣುವವರು ಬಂಕಿನ ಹುಡುಗ ಹುಡುಗಿಯರು. ದುಡ್ಡನ್ನು ಮೊಬೈಲೇ ಪಡೆಯುತ್ತದೆ, ಲೆಕ್ಕ ಯಂತ್ರವೇ ಹೇಳುತ್ತದೆ. ಪೈಪೂ ನಮ್ಮ ಕೈಗೆ ಬಂದರೆ ಅವರೆಲ್ಲಿಗೆ ಹೋಗಬೇಕು? ನನಗಂತೂ ಅವರು ಇರಲಿ ಅಂತಲೇ. ಆದರೆ ಇರುವಷ್ಟು ದಿನ ಚೆನ್ನಾಗಿರಲಿ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ. ನಮಗೆ ಎರಡು ನಿಮಿಷದ ವಾಸನೆ, ಅವರಿಗೆ ದಿನವಿಡೀ. ಒಂದು ಮಾಸ್ಕ್, ನಡುನಡುವೆ ಕೂರಲು ಒಂದು ಕುರ್ಚಿ ಕೊಟ್ಟರೆ ಮಾಲೀಕರ ಗಂಟೇನು ಹೋಗುತ್ತದೆ?

ಹಾಕಿಸಿಕೊಳ್ಳುವ ನಮಗೆ ಅಳತೆಯ ಬಗ್ಗೆ ಸಂಶಯ ಸಹಜ. ಅದಕ್ಕೆ ಜಗಳ ಬೇಡ. ‘ಝೀರೋ ನೋಡಿ’ ಅಂದಾಗ ಮೊಬೈಲ್ ಬಿಟ್ಟು ಮೀಟರ್ ನೋಡಿದರಾಯಿತು. ಆಮೇಲೂ ಅನುಮಾನವಿದ್ದರೆ ಮುದ್ರೆ ಹಾಕಿದ 5 ಲೀಟರಿನ ಅಳತೆಪಾತ್ರೆ ಕೇಳಿ. ಪ್ರತಿ ಬಂಕಿನಲ್ಲೂ ಅದು ಇರಬೇಕು. 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆ ಬಂದರೆ ದೂರು ಕೊಡಬಹುದು. ಕಲಬೆರಕೆಯ ಅನುಮಾನವೇ? ಫಿಲ್ಟರ್ ಪೇಪರ್ ಕೇಳಿ, ಪುಕ್ಕಟೆ ಕೊಡಬೇಕು. ಅದರ ಮೇಲೆ ಒಂದು ಹನಿ ಬಿಟ್ಟು ನೋಡಿ. ಒಳ್ಳೆಯ ಪೆಟ್ರೋಲಾದರೆ ಎರಡು ನಿಮಿಷದಲ್ಲಿ ಕಲೆಯಿಲ್ಲದೆ ಆರುತ್ತದೆ.