ಬಾಣಂತಿಯ ಮನಸ್ಸನ್ನು ವಿಚಾರಿಸುವವರಾರು?

ಎರಡು ವರ್ಷಗಳ ಹಿಂದೆ ನನ್ನ ತಂಗಿ ಬಾಣಂತನಕ್ಕೆಂದು ವಿಜಯನಗರದ ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ಆರು ವಾರ ತುಂಬಿದಾಗ ಚುಚ್ಚುಮದ್ದು ಹಾಕಿಸಲು ಜೊತೆಗೆ ಹೋದವನು ನಾನು. ಕೂಸನ್ನು ತೂಗಿದರು, ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆದರು, ಮುಂದಿನ ದಿನಾಂಕವನ್ನು ತಿಳಿಸಿ ಕಳುಹಿಸಿದರು. ಕಾರ್ಡಿಗೆ ತಾಯಿಯ ಹೆಸರಿತ್ತು. ತಾಯಿಯನ್ನು ಕುರಿತು ಯಾರೂ ಒಂದು ಮಾತನ್ನೂ ಕೇಳಲಿಲ್ಲ. ಆ ವೇಳೆಗೆ ಅವಳು ಕೂಸು ಮಲಗಿದ್ದಾಗಲೂ ನಿದ್ರಿಸದೆ ಗೋಡೆಯನ್ನು ನೋಡುತ್ತ ಕುಳಿತಿರುತ್ತಿದ್ದಳು. ಮನೆಯಲ್ಲಿ ನಾವು ಹೇಳುತ್ತಿದ್ದುದಾದರೂ ಏನು? "ಬಾಣಂತಿ ಅಳಬಾರದು, ಹಾಲು ಬತ್ತುತ್ತದೆ." ಇದರಿಂದ ಅಳು ನಿಲ್ಲಲಿಲ್ಲ; ನಮ್ಮ ಕಣ್ಣಿಗೆ ಮರೆಯಾಯಿತು, ಅಷ್ಟೆ.

ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಬಹುಮಂದಿ ತಾಯಂದಿರಲ್ಲಿ ಕಾಣುವ ಸಂಗತಿ. ಎರಡು ವಾರಗಳೊಳಗೆ ಅದು ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದು, ಕೂಸಿನ ಮೇಲೂ ತನ್ನ ಮೇಲೂ ಆಸಕ್ತಿ ಬತ್ತಿದರೆ ಅದು ಪ್ರಸವೋತ್ತರ ಖಿನ್ನತೆಯಿರಬಹುದು. ಹಿರಿಯರು 'ಬಾಣಂತಿ ಸನ್ನಿ' ಎಂದು ಭಯಪಡುತ್ತಿದ್ದ, ಭ್ರಮೆಯಿಂದ ಕೂಡಿದ ಅವಸ್ಥೆ ಬೇರೆಯದು. ಅದು ವಿರಳ, ಆದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕಾದಷ್ಟು ಅಪಾಯಕರ.

ಗರ್ಭಕಾಲದಲ್ಲಿ ಬಹಳ ಎತ್ತರಕ್ಕೇರಿದ್ದ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಮಾಸು ಬಿದ್ದ ಕೆಲವೇ ದಿನಗಳಲ್ಲಿ ಪಾತಾಳಕ್ಕಿಳಿಯುತ್ತವೆ. ಈ ಇಳಿತ ಎಲ್ಲ ತಾಯಂದಿರಿಗೂ ಸಮಾನವಾಗಿರುವಾಗ ಖಿನ್ನತೆ ಮಾತ್ರ ಕೆಲವರಿಗೇಕೆ? 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಹದಿನಾರು ಸ್ತ್ರೀಯರಿಗೆ ಈ ಹಾರ್ಮೋನುಗಳನ್ನು ಎಂಟು ವಾರ ಕೊಟ್ಟು, ಅವರಿಗೆ ತಿಳಿಯದಂತೆ ನಿಲ್ಲಿಸಿದರು. ಹಿಂದೆ ಪ್ರಸವೋತ್ತರ ಖಿನ್ನತೆಗೆ ಒಳಗಾಗಿದ್ದ ಎಂಟು ಮಂದಿಯಲ್ಲಿ ಐವರ ಮನಸ್ಸು ಕುಸಿಯಿತು. ಉಳಿದ ಎಂಟು ಮಂದಿಯಲ್ಲಿ ಒಬ್ಬರದೂ ಇಲ್ಲ. ಪ್ರಯೋಗ ಸಣ್ಣದು, ಆದರೆ ಸೊಗಸಾದದ್ದು. ನಮ್ಮ ಪ್ರಯೋಗಶಾಲೆಯಲ್ಲಿ ಒಂದೇ ಭಾರವನ್ನು ತೂಗುಹಾಕಿದರೂ ಎಲ್ಲ ತಂತಿಗಳೂ ಒಂದೇ ಅಳತೆಗೆ ಉದ್ದವಾಗುವುದಿಲ್ಲ. ಅದಕ್ಕಾಗಿ ತಂತಿಯನ್ನು ಯಾರೂ ಬೈಯುವುದಿಲ್ಲ.

"ಇದು ಪಾಶ್ಚಾತ್ಯರ ಕಾಯಿಲೆ, ನಮ್ಮಲ್ಲಿ ಬಾಣಂತನವಿದೆಯಲ್ಲ!" ಎನ್ನುವವರುಂಟು. ಬಾಣಂತನದ ಎಣ್ಣೆನೀರು, ಪಥ್ಯ, ವಿಶ್ರಾಂತಿಗಳನ್ನು ನಾನು ಹಳಿಯುವವನಲ್ಲ. ಆದರೆ 2002ರಲ್ಲಿ ಪ್ರಕಟವಾದ ಗೋವೆಯ ಅಧ್ಯಯನದಲ್ಲಿ ನೂರಕ್ಕೆ 23 ಮಂದಿ ತಾಯಂದಿರಲ್ಲಿ ಖಿನ್ನತೆ ಕಂಡಿತು. 2017ರಲ್ಲಿ ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ನೂರಕ್ಕೆ 22 ಎಂಬ ಲೆಕ್ಕವೇ ಬಂದಿತು. ಬಡತನ, ಗಂಡನ ಹೊಡೆತ, ಗಂಡುಮಗುವನ್ನು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟುವುದು: ಗೋವೆಯಲ್ಲಿ ಎದ್ದು ಕಂಡ ಈ ಕಾರಣಗಳು ಯಾವ ಕಷಾಯಕ್ಕೂ ಬಗ್ಗುವುವಲ್ಲ.

ಖಿನ್ನತೆಯನ್ನು ಗುರುತಿಸಲು ಸಲಕರಣೆಯೂ ಇದೆ. 1987ರಲ್ಲಿ ಎಡಿನ್‌ಬರೊದ ಕಾಕ್ಸ್ ಮತ್ತು ಸಂಗಡಿಗರು ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ರಚಿಸಿದರು. ಅದರ ಕನ್ನಡ ರೂಪವೂ ಬಳಕೆಯಲ್ಲಿದೆ. ಅದರ ಜಾಣ್ಮೆ ನನಗೆ ಬಹಳ ಮೆಚ್ಚುಗೆ. ದಣಿವು, ನಿದ್ದೆಗೇಡು ಎಲ್ಲ ಬಾಣಂತಿಯರಿಗೂ ಇರುವುದರಿಂದ ಅವನ್ನು ಹಾಗೆಯೇ ಲೆಕ್ಕಕ್ಕೆ ಹಿಡಿಯದೆ, ದುಃಖದಿಂದ ನಿದ್ದೆ ಬರುತ್ತಿಲ್ಲವೇ ಎಂದು ಅದು ಕೇಳುತ್ತದೆ. ಇದು ರೋಗನಿರ್ಣಯವಲ್ಲ, ಮೊದಲ ಸೋಸುವಿಕೆ; ಐದು ನಿಮಿಷದ ಕೆಲಸ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ತಾಯಿ ಹೇಗೂ ಚುಚ್ಚುಮದ್ದಿಗೆ ಬರುತ್ತಾಳೆ. ಆ ಮೂರು ಭೇಟಿಗಳಲ್ಲಿ ಒಮ್ಮೆಯಾದರೂ ಅವಳನ್ನು ಏಕಾಂತದಲ್ಲಿ, ಅತ್ತೆಯೂ ಅಮ್ಮನೂ ಕೇಳಿಸಿಕೊಳ್ಳದ ಕಡೆ ಕೂರಿಸಿ ಪ್ರಶ್ನಿಸುವುದು ಕಡ್ಡಾಯವಾಗಬೇಕೆಂಬುದು ನನ್ನ ವಾದ. ನರ್ಸುಗಳಿಗೆ ಬಿಡುವೆಲ್ಲಿ ಎಂಬ ಆಕ್ಷೇಪ ನಿಜ. ಹಾಗಾದರೆ ಒಬ್ಬರನ್ನು ಹೆಚ್ಚಿಗೆ ನೇಮಿಸಲಿ.

ಪ್ರಶ್ನಿಸಿದ ಮೇಲೆ ಕಳುಹಿಸಲು ಸ್ಥಳವಿಲ್ಲವೆನ್ನುವಂತಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೆ ಸೇರಿಸಿಕೊಳ್ಳುವ ವಿಭಾಗ 2009ರಲ್ಲಿಯೇ ಆರಂಭವಾಯಿತು. ಮನೆಯ ಹೆಂಗಸೊಬ್ಬರೂ ಜೊತೆಯಲ್ಲಿರಬಹುದು. ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸುತ್ತದೆ. 14416 ಎಂಬ ಉಚಿತ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಸಮಾಲೋಚನೆಯಿಂದಲೇ ಹಲವರು ಗುಣವಾಗುತ್ತಾರೆ. ಎದೆಹಾಲು ಬಿಡಿಸದೆ ಕೊಡಬಹುದಾದ ಔಷಧಗಳೂ ಇವೆ.

ನನ್ನ ತಂಗಿಯನ್ನು ವೈದ್ಯರ ಬಳಿಗೆ ಕರೆದೊಯ್ದವನು ಎಂ.ಎಸ್‌ಸಿ. ಓದಿದ ನಾನಲ್ಲ, ಬಸವೇಶ್ವರನಗರದಿಂದ ನೋಡಲು ಬಂದ ನಮ್ಮ ಚಿಕ್ಕಮ್ಮ. ಎಲ್ಲರೂ ತೊಟ್ಟಿಲಿನ ಕಡೆ ಹೋಗುತ್ತಿದ್ದಾಗ ಅವರು ನೇರವಾಗಿ ಮಂಚದ ಮೇಲೆ ಕುಳಿತು, "ನೀನು ಹೇಗಿದ್ದೀಯೆ, ಮಗಳೆ?" ಎಂದರು. ತಂಗಿ ಉತ್ತರಿಸಲು ಅರ್ಧ ಗಂಟೆ ಹಿಡಿಯಿತು. ಚಿಕ್ಕಮ್ಮ ಅಲ್ಲಿಂದ ಏಳಲಿಲ್ಲ.