ಮೊದಲು ಕಿವಿ, ಆಮೇಲೆ ಕೋಣೆ, ಕೊನೆಗೆ ಸ್ಪೀಕರ್



ಶಹಾಪುರದ ನಮ್ಮ ಮನೆಗೆ ಹೊಸ ಸ್ಪೀಕರುಗಳು ಬಂದಿರುವ ಸುದ್ದಿ ಹೇಗೋ ಊರೂರು ತಲುಪಿದೆ. ಯಾದಗಿರಿಯಿಂದ ಒಬ್ಬ, ಸುರಪುರದಿಂದ ಇಬ್ಬರು ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ, “ಸರ್, ಯಾವ ಕಂಪನಿದು ತಗೊಂಡ್ರಿ? ನಾವೂ ಅದನ್ನೇ ತಗೋಬೇಕಂತೀವಿ” ಎಂದು ಕೇಳಿದರು. ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದ ಮಾಸ್ತರನಿಗೆ ಉತ್ತರವನ್ನಷ್ಟೇ ಬರೆದು ಲೆಕ್ಕವನ್ನು ಬಿಟ್ಟುಬಿಡುವುದು ಒಗ್ಗದು. ನಿಮ್ಮ ಉತ್ತರಪತ್ರಿಕೆಗಳಲ್ಲಿಯೂ ನಾನು ಅದನ್ನು ಒಪ್ಪಿದವನಲ್ಲ. ಆದ್ದರಿಂದ ಈ ದೀರ್ಘ ಉತ್ತರ.

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ನನ್ನ ಮಗ, ಮನೆಯ ಹಿಂದಿನ ಕೋಣೆಯನ್ನು ಸಂಗೀತ ಕೇಳುವ ಕೋಣೆಯನ್ನಾಗಿ ಮಾಡಲೇಬೇಕೆಂದು ಹಟ ಹಿಡಿದನು. ಅದಕ್ಕಾಗಿ ಮೂರು ಲಕ್ಷ ರೂಪಾಯಿಗಳನ್ನು ತೆಗೆದಿರಿಸಿದ್ದನು. ಎದೆಮಟ್ಟದ ಎರಡು ಸ್ಪೀಕರುಗಳು, ಕಿಟಕಿಗಳನ್ನು ಮುಚ್ಚಿ ಎ.ಸಿ., ನಡುವೆ ಸರಿಯಾಗಿ ತ್ರಿಕೋನದ ತುದಿಯಲ್ಲಿ ಒಂದೇ ಒಂದು ಕುರ್ಚಿ. ಇದು ಅವನ ನಕ್ಷೆ. ತಂದೆಯ ಮೇಲಿನ ಅವನ ಪ್ರೀತಿಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಆ ಒಂದೇ ಕುರ್ಚಿ ನನ್ನ ಮನಸ್ಸಿಗೆ ಮುಳ್ಳಿನಂತೆ ನಾಟಿತು.

ನಾನು ಸಂಗೀತ ಕೇಳಲು ಕಲಿತದ್ದು ಸುರಪುರದ ಒಂದು ಕಟ್ಟೆಯ ಮೇಲೆ. ನಮ್ಮ ಓಣಿಯಲ್ಲಿ ಒಂದೇ ಮನೆಯಲ್ಲಿ ಮರ್ಫಿ ರೇಡಿಯೋ ಇತ್ತು. ಸಂಜೆ ಆ ಮನೆಯವರು ಅದನ್ನು ಕಿಟಕಿಯ ಬಳಿ ಇಡುತ್ತಿದ್ದರು. ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನಸೂರರ ಗಾಯನವೋ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನವೋ ಬರುವಾಗ ಹದಿನೈದಿಪ್ಪತ್ತು ಜನ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಬಾಗಿಲ ಮರೆಯಲ್ಲಿ ಕುಳಿತು ಕೇಳುತ್ತ, ಮರುದಿನ ಬೀಸುವ ಕಲ್ಲಿನ ಮುಂದೆ ಅದೇ ಹಾಡನ್ನು ಗುನುಗುತ್ತಿದ್ದಳು. ಮಧ್ಯಮ ತರಂಗದ ಆ ರೇಡಿಯೋದಲ್ಲಿ ಸೆಕೆಂಡಿಗೆ ಸುಮಾರು 5,000 ಕಂಪನಗಳಿಗಿಂತ ಮೇಲಿನ ಸ್ವರಾಂಶ ಬರುತ್ತಲೇ ಇರಲಿಲ್ಲ. ಹಾಗಾದರೆ ಒಳ್ಳೆಯ ಸ್ಪೀಕರು ಬೇಡವೇ ಎಂದು ಕೇಳಿದರೆ, ನೆನಪು ಸಿಹಿಯಾಗಿದೆಯೆಂಬುದು ವಾದವಾಗಲಾರದು ಎಂಬುದನ್ನು ನಾನೇ ಮೊದಲು ಒಪ್ಪುತ್ತೇನೆ.

ಒಪ್ಪುವುದಕ್ಕೆ ಕಾರಣವೂ ಉಂಟು. ಮಗನೊಂದಿಗೆ ಹೈದರಾಬಾದಿನ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿ ಮನಸೂರರು ಒಂದು ತಾನವನ್ನು ಮುಗಿಸಿ ಉಸಿರು ತೆಗೆದುಕೊಳ್ಳುವುದು, ತಂಬೂರಿಯ ಜವಾರಿ ಎಳೆಎಳೆಯಾಗಿ ಬಿಚ್ಚಿಕೊಳ್ಳುವುದು ನನಗೆ ಮೊದಲ ಬಾರಿಗೆ ಕೇಳಿಸಿತು. ಕಣ್ಣು ತೇವವಾಯಿತು. ಆದರೆ ಸ್ವಲ್ಪ ಹೊತ್ತಿನಲ್ಲಿ ಮಾಸ್ತರನ ಬುದ್ಧಿ ಎಚ್ಚರಗೊಂಡಿತು. ಅಂಗಡಿಯವರು ದುಬಾರಿಯ ಜೋಡಿಯನ್ನು ನುಡಿಸುವಾಗ ಗುಂಡಿಯನ್ನು ತುಸು ಹೆಚ್ಚು ತಿರುಗಿಸುತ್ತಿದ್ದರು. ಸ್ವಲ್ಪ ಜೋರಾದ ಸದ್ದು ನಮ್ಮ ಕಿವಿಗೆ ಉತ್ತಮವಾದ ಸದ್ದಿನಂತೆಯೇ ತೋರುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತರಿಸಿ, ನಾನು ಗೋಡೆಯ ಕಡೆ ಮುಖ ಮಾಡಿ ಕೇಳಿದಾಗ, ಎದೆಮಟ್ಟದ ಜೋಡಿಗೂ ಅದರ ಮೂರನೆಯ ಒಂದು ಭಾಗದ ಬೆಲೆಯ ಸಣ್ಣ ಜೋಡಿಗೂ ಕಂಠದ ಮಟ್ಟಿಗೆ ವ್ಯತ್ಯಾಸ ಬಹಳ ಸಣ್ಣದಾಗಿ ಉಳಿಯಿತು.

ಇದು ನನ್ನೊಬ್ಬನ ಅನುಭವವಲ್ಲ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ತಜ್ಞರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅವೇ ಸ್ಪೀಕರುಗಳನ್ನು ಅವೇ ಕೇಳುಗರಿಗೆ ಒಮ್ಮೆ ಕಣ್ಣೆದುರಿಗೆ, ಒಮ್ಮೆ ಪರದೆಯ ಹಿಂದೆ ಇಟ್ಟು ಕೇಳಿಸಲಾಯಿತು. ಕಂಡಾಗ ಕೊಟ್ಟ ಅಂಕಗಳು ಕಾಣದಾಗ ಬದಲಾದವು. ದೊಡ್ಡ ಪೆಟ್ಟಿಗೆ, ದೊಡ್ಡ ಹೆಸರು ಇವು ಕಿವಿಗಿಂತ ಮೊದಲು ಅಂಕ ಹಾಕಿಬಿಟ್ಟಿದ್ದವು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಯ ಹೆಸರನ್ನು ಏಕೆ ಮರೆಮಾಡುತ್ತೇವೆಂಬುದನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ.

ಮುಂದಿನ ವಾರ ಮಗ ತನ್ನ ಗೆಳೆಯನಿಂದ ಒಂದು ಒಳ್ಳೆಯ ಜೋಡಿಯನ್ನು ಎರವಲು ತಂದು ನಮ್ಮ ಕೋಣೆಯಲ್ಲಿ ಇಟ್ಟನು. ಹಾಡು ಆರಂಭವಾದೊಡನೆ ನನಗೆ ದಿಗಿಲಾಯಿತು. ಹೈದರಾಬಾದಿನಲ್ಲಿ ಕೇಳಿದ ಆ ಉಸಿರು, ಆ ಜವಾರಿ ಎಲ್ಲಿ ಹೋದವು? ಕಳೆದ ವರ್ಷದಿಂದ ನಮ್ಮೊಂದಿಗೇ ಇರುವ ಅಕ್ಕ ಬಾಗಿಲಲ್ಲಿ ನಿಂತು, “ಬಾವ್ಯಾಗ ಕುಂತು ಹಾಡಿದಂಗ ಆಗ್ತದ ತಮ್ಮಾ, ಮಾತು ಒಂದೂ ತಿಳಿವಲ್ದು” ಎಂದಳು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಇಲ್ಲಿ ಮಾತ್ರ ನೆಲವೇ ನಿಜವಾಗಿ ಡೊಂಕಾಗಿತ್ತು.

ನಮ್ಮ ಸೀಮೆಯ ಮನೆಗಳನ್ನು ನೆನೆದುಕೊಳ್ಳಿ. ನೆಲಕ್ಕೆ ಶಹಾಬಾದ್ ಕಲ್ಲಿನ ಪರಸಿ, ಮೇಲೆ ಕಾಂಕ್ರೀಟಿನ ಮಾಳಿಗೆ, ಸುತ್ತಲೂ ಸಿಮೆಂಟು ಮೆತ್ತಿದ ಕಲ್ಲಿನ ಗೋಡೆ. ಬೇಸಿಗೆಯ ನಲವತ್ತೆರಡು ಡಿಗ್ರಿಯ ಬಿಸಿಲಿನಲ್ಲಿ ಕಾಲಿಗೆ ತಂಪು ಕೊಡುವ ಆ ಪರಸಿಯೇ ಸದ್ದನ್ನು ಚೆಂಡಿನಂತೆ ಪುಟಿಸುತ್ತದೆ. ಈ ವಿಷಯದ ಗಣಿತವನ್ನು ಕಟ್ಟಿಕೊಟ್ಟವರು ವಾಲೆಸ್ ಸೇಬೈನ್ ಎಂಬ ಭೌತವಿಜ್ಞಾನದ ಅಧ್ಯಾಪಕರು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವಾಗದೆ ಹೋದಾಗ ಅದನ್ನು ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂದಿತು. ಅವರು ರಾತ್ರಿಯ ಹೊತ್ತು ಪಕ್ಕದ ನಾಟಕ ಮಂದಿರದ ಆಸನದ ದಿಂಬುಗಳನ್ನು ಹೊತ್ತು ತಂದು, ಒಂದು ಆರ್ಗನ್ ಕೊಳವೆ ಹಾಗೂ ಗಡಿಯಾರದ ನೆರವಿನಿಂದ ಸದ್ದು ಅಡಗಲು ಹಿಡಿಯುವ ಕಾಲವನ್ನು ಅಳೆದರು. ಆ ಶ್ರಮದಿಂದ ಹುಟ್ಟಿದ ಸೂತ್ರ ಬಹಳ ಸರಳವಾದುದು. ಕೋಣೆಯ ಘನ ಅಳತೆಯನ್ನು ಅದರಲ್ಲಿರುವ ಒಟ್ಟು ಹೀರಿಕೆಯಿಂದ ಭಾಗಿಸಿ 0.161ರಿಂದ ಗುಣಿಸಿದರೆ ಪ್ರತಿಧ್ವನಿ ಅಡಗುವ ಕಾಲ ಸಿಗುತ್ತದೆ.

ನಮ್ಮ ಕೋಣೆ 4.5 ಮೀಟರ್ ಉದ್ದ, 3.6 ಮೀಟರ್ ಅಗಲ, 3 ಮೀಟರ್ ಎತ್ತರ. ಘನ ಅಳತೆ ಸುಮಾರು 49. ನೆಲ, ಗೋಡೆ, ಮಾಳಿಗೆ ಸೇರಿ 81 ಚದರ ಮೀಟರ್. ಕಲ್ಲು ಸಿಮೆಂಟುಗಳು ಸದ್ದಿನ ನೂರರಲ್ಲಿ ಮೂರು ಪಾಲನ್ನು ಮಾತ್ರ ಹೀರುತ್ತವೆಯೆಂದು ಹಿಡಿದರೆ ಒಟ್ಟು ಹೀರಿಕೆ 2.4. ಕಾಲ ಮೂರು ಸೆಕೆಂಡಿಗೂ ಹೆಚ್ಚು! ಮಾತನಾಡುವಾಗ ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ನುಡಿಯುತ್ತೇವೆ. ಹಿಂದಿನ ಹನ್ನೆರಡು ಅಕ್ಷರಗಳು ಇನ್ನೂ ಕೋಣೆಯಲ್ಲಿ ಅಲೆಯುತ್ತಿರುವಾಗ ಹದಿಮೂರನೆಯದು ಯಾರಿಗೆ ತಿಳಿಯಬೇಕು? ಮೂರು ಲಕ್ಷದ ಸ್ಪೀಕರೂ ಈ ಲೆಕ್ಕದ ಮುಂದೆ ಸೋಲುತ್ತದೆ.

ಹೆಂಡತಿಯೂ ನಾನೂ ಸೇರಿ ಕೋಣೆಗೆ ಉಪಚಾರ ಮಾಡಿದೆವು. ಪರಸಿಯ ಮೇಲೆ ಕಂಬಳಿ, ಅದರ ಮೇಲೆ ಜಮಖಾನೆ ಹಾಸಿದೆವು. ಎರಡು ಹತ್ತಿಯ ಗಾದಿಗಳನ್ನಿಟ್ಟೆವು. ನನ್ನ ಪುಸ್ತಕಗಳ ಕಪಾಟುಗಳನ್ನು ಬಾಗಿಲು ತೆಗೆದು ಹಿಂದಿನ ಗೋಡೆಗೆ ಸೇರಿಸಿದೆವು. ಪೆಟ್ಟಿಗೆಯ ತಳದಲ್ಲಿದ್ದ, ನಮ್ಮ ಅವ್ವ ಹಳೆಯ ಸೀರೆಗಳಿಂದ ಹೊಲಿದ ಕೌದಿಗಳನ್ನು ಮಡಿಸಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಬರುವಂತೆ ಎರಡೂ ಬದಿಗೆ ಇಳಿಬಿಟ್ಟೆವು. ಬಟ್ಟೆಯ ಹಿಂದೆ ಗಾಳಿಗೆ ಎಡೆಯಿದ್ದರೆ ಹೀರಿಕೆ ಹೆಚ್ಚುತ್ತದೆ. ಐದಾರು ಜನ ಕುಳಿತರೆ ಎಲ್ಲವೂ ಸೇರಿ ಹೀರಿಕೆ ಸುಮಾರು 14ಕ್ಕೆ ಏರಿತು, ಕಾಲ ಅರ್ಧ ಸೆಕೆಂಡಿನ ಸಮೀಪಕ್ಕೆ ಇಳಿಯಿತು. ಹೊಸದಾಗಿ ಖರ್ಚಾದದ್ದು ಗಾದಿ ಹಾಗೂ ಹಗ್ಗಕ್ಕೆ ಮಾತ್ರ. ಅದೇ ಎರವಲಿನ ಸ್ಪೀಕರಿನಲ್ಲಿ ಜಂಬಲದಿನ್ನಿಯವರ ವಚನ ಗಾಯನವನ್ನು ಹಾಕಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಸ್ವಲ್ಪ ತಿಳಿತಾವ ನೋಡು” ಎಂದಳು.

ಆ ‘ಸ್ವಲ್ಪ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ವಯಸ್ಸಾದಂತೆ ಕಿವಿಗೆ ಮೊದಲು ಕೈಕೊಡುವುದು ಮೇಲಿನ ಕಂಪನಗಳು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಹೆಚ್ಚಾಗಿ ಅಲ್ಲಿಯೇ. ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ನಾವಿಬ್ಬರೂ ಕಲಬುರಗಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡೆವು. ನನಗೆ 8,000 ಕಂಪನಗಳ ಬಳಿ ಕಿವಿ ಬಹಳ ಮಂದವಾಗಿದೆ. 20,000ದವರೆಗೆ ನುಡಿಯುವೆನೆಂದು ಹೆಮ್ಮೆಪಡುವ ಸ್ಪೀಕರಿನ ಆ ಹೆಮ್ಮೆಯ ಭಾಗವನ್ನು ಈ ಕಿವಿ ಅನುಭವಿಸಲಾರದು. ಅಕ್ಕನ ಸ್ಥಿತಿ ನಾನು ತಿಳಿದುದಕ್ಕಿಂತ ಕೆಟ್ಟದಾಗಿತ್ತು. ಮನೆಯವರ ಮಾತಿಗೆ ಅವಳು ಸುಮ್ಮನೆ ನಕ್ಕು ತಲೆಯಾಡಿಸುತ್ತಿದ್ದುದನ್ನು ನಾವು ಮುಪ್ಪಿನ ಸೌಮ್ಯತೆಯೆಂದು ತಿಳಿದಿದ್ದೆವು. ಅವಳಿಗೆ ನಮ್ಮ ಮಾತು ಕೇಳಿಸುತ್ತಲೇ ಇರಲಿಲ್ಲ. ಸಂಗೀತ ಕೇಳುವ ಕೋಣೆಯ ನಕ್ಷೆ ಬರೆಯುತ್ತಿದ್ದ ನಾವು ಮನೆಯೊಳಗಿನ ಒಂದು ಜೊತೆ ಕಿವಿಗಳನ್ನೇ ಮರೆತಿದ್ದೆವು. ನನಗೆ ಬಹಳ ನಾಚಿಕೆಯಾಯಿತು.

ಮಗನಿಗೆ ಫೋನಿನಲ್ಲಿ ಹೇಳಿದೆ: “ನಿನ್ನ ಹಣದಾಗ ಮೊದಲು ಅತ್ತೆಗೆ ಶ್ರವಣಯಂತ್ರ ತರೋಣಪ್ಪಾ, ಉಳಿದದ್ದರಾಗ ಸ್ಪೀಕರ್ ನೋಡೋಣ.” ಅವನು ಅರೆಗಳಿಗೆಯೂ ತಡಮಾಡದೆ, “ಹಂಗ ಮಾಡ್ರಿ ಅಪ್ಪಾ” ಎಂದನು. ಎರಡು ಕಿವಿಗೂ ಯಂತ್ರ ಬಂದವು. ಅವು ಮಾತಿಗಾಗಿ ಹೊಂದಿಸಿದಂಥವು. ಸಂಗೀತಕ್ಕೆ ಬೇರೆ ಹೊಂದಿಕೆ ಬೇಕೆಂದು ಕೇಳಿ ಮಾಡಿಸಿಕೊಳ್ಳಬೇಕು. ಹಾಗೆಯೇ ಮಾಡಿಸಿದೆವು.

ಇನ್ನು ಸ್ಪೀಕರಿನ ವಿಚಾರ. ಉಳಿದ ಹಣದಲ್ಲಿ ಗಟ್ಟಿಮುಟ್ಟಾದ ಒಂದು ಸಣ್ಣ ಜೋಡಿಯನ್ನೂ ಸಾಧಾರಣವಾದ ಒಂದು ಆಂಪ್ಲಿಫೈಯರನ್ನೂ ಕೊಂಡೆವು. ಕೊಳ್ಳುವಾಗ ನಾನು ನೋಡಿದ ಅಂಶಗಳನ್ನು ಹೇಳುತ್ತೇನೆ.

ಮೊದಲನೆಯದು, ಕಂಠ. ಬ್ರಿಟನ್ನಿನ ಬಿ.ಬಿ.ಸಿ.ಯ ಎಂಜಿನಿಯರುಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರನ್ನು ರೂಪಿಸಿದರು. ಅದರ ಎತ್ತರ ಒಂದು ಅಡಿ ಮಾತ್ರ. ಮನುಷ್ಯನ ಮಾತನ್ನೇ ಅವರು ಮುಖ್ಯ ಒರೆಗಲ್ಲನ್ನಾಗಿ ಬಳಸುತ್ತಿದ್ದರು. ಇಂದಿಗೂ ಕಂಠಕ್ಕಾಗಿ ಆ ವಿನ್ಯಾಸವನ್ನು ಮೆಚ್ಚುವವರಿದ್ದಾರೆ. ನೀವೂ ನಿಮಗೆ ಬಾಯಿಪಾಠವಾದ ಹಾಡನ್ನೇ ಅಂಗಡಿಗೆ ಒಯ್ಯಿರಿ. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠ ಗವಿಯೊಳಗಿನ ಸದ್ದಿನಂತಾದರೆ ಆ ಸ್ಪೀಕರು ಎಷ್ಟೇ ಬೆಲೆಯದಾದರೂ ಬೇಡ.

ಎರಡನೆಯದು, ತಳದ ಸ್ವರ. ಗಾಯಕರ ಷಡ್ಜ ಕಪ್ಪು ಒಂದರಲ್ಲಿದ್ದರೆ ಅದರ ಕಂಪನ ಸೆಕೆಂಡಿಗೆ ಸುಮಾರು 139. ತಂಬೂರಿಯ ಖರಜದ ತಂತಿ ಅದರ ಅರ್ಧ, ಸುಮಾರು 69. ನಮ್ಮ ಸಂಗೀತಕ್ಕೆ 50ರವರೆಗೆ ಇಳಿಯುವ ಸ್ಪೀಕರು ಧಾರಾಳವಾಯಿತು. ಅದಕ್ಕಿಂತ ಕೆಳಗಿಳಿಯುವ ದೊಡ್ಡ ಪೆಟ್ಟಿಗೆ ಸಣ್ಣ ಕೋಣೆಯಲ್ಲಿ ಗುಂಯ್‌ಗುಡುವುದೇ ಹೆಚ್ಚು.

ಮೂರನೆಯದು, ವ್ಯಾಟಿನ ಮೋಹ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರುಗಳು ಸಾಮಾನ್ಯ. ನಮ್ಮ ಮಾತುಕತೆಯ ಮಟ್ಟ ಸುಮಾರು 60. ವ್ಯಾಟು ಇಮ್ಮಡಿಯಾದರೆ ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ. ಇನ್ನೂರು ವ್ಯಾಟು ಮನೆಗೆ ಬೇಕಿಲ್ಲ.

ನಾಲ್ಕನೆಯದು, ನಮ್ಮ ಹವೆ. ಕೋನಿನ ಅಂಚಿನ ಸುತ್ತುಪಟ್ಟಿ ಫೋಮಿನದಾದರೆ ಹತ್ತು ಹದಿನೈದು ವರ್ಷಗಳಲ್ಲಿ ಪುಡಿಯಾಗುತ್ತದೆ, ಸೆಖೆಯಲ್ಲಿ ಇನ್ನೂ ಬೇಗ. ರಬ್ಬರಿನದು ಬಾಳಿಕೆ ಬರುತ್ತದೆ.

ಐದನೆಯದು, ನಾವು ಕೂಡುವ ರೀತಿ. ಎತ್ತರದ ಸ್ಪೀಕರುಗಳನ್ನು ಸೋಫಾದಲ್ಲಿ ಕೂಡುವವರಿಗಾಗಿ ಅಳೆದು ಮಾಡಿರುತ್ತಾರೆ. ನಾವು ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ಕಿವಿ ಇರುವುದು ಎರಡೂವರೆ ಅಡಿಯ ಎತ್ತರದಲ್ಲಿ. ಸಣ್ಣ ಜೋಡಿಯನ್ನು ನಮ್ಮೂರಿನ ಕಲ್ಲಿನ ಎರಡು ಗಿಡ್ಡ ದಿಮ್ಮಿಗಳ ಮೇಲಿಟ್ಟು ಕಿವಿಯ ಮಟ್ಟಕ್ಕೆ ತಂದೆವು. ಗೋಡೆಯಿಂದ ಎರಡು ಅಡಿ ಮುಂದಿಟ್ಟೆವು.

ಹೆಚ್ಚು ಹಣ ಕೊಟ್ಟು ಹೆಚ್ಚು ಒಳ್ಳೆಯದನ್ನು ತರುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದನ್ನು ಮಾಡಿದವರ ಶ್ರಮವೂ ವಿದ್ಯೆಯೂ ಗೌರವಕ್ಕೆ ಅರ್ಹವಾದವು. ನಾನು ಹೇಳುವುದು ಅನುಕ್ರಮದ ಮಾತು. ಮೊದಲು ಮನೆಯಲ್ಲಿರುವವರ ಕಿವಿ, ಆಮೇಲೆ ಕೋಣೆ, ಕೊನೆಗೆ ಸ್ಪೀಕರು. ತಳಪಾಯ ಬಿಟ್ಟು ಶಿಖರಕ್ಕೆ ಕಳಸ ಇಡಲಾಗದು.

ಎ.ಸಿ.ಯನ್ನು ಹಾಕಿಸಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಇದಕ್ಕೂ ಸೇಬೈನರ ಆಧಾರವಿದೆ. ಹೀರಿಕೆಯನ್ನು ಅಳೆಯಲು ಅವರು ಹಿಡಿದ ಮಾನವೇ ತೆರೆದ ಕಿಟಕಿ. ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ಮರಳಿ ಬಾರದು, ಅದಕ್ಕಿಂತ ಪೂರ್ಣವಾದ ಹೀರಿಕೆ ಬೇರೊಂದಿಲ್ಲ. ಮೋಟರ್ ಸೈಕಲ್ಲಿನ ಗದ್ದಲವೂ ಒಳಗೆ ಬರುತ್ತದೆ, ನಿಜ. ಅದರೊಂದಿಗೆ ನೆರೆಯವರೂ ಬರುತ್ತಾರೆ. ಗುರುವಾರ ಸಂಜೆ ಏಳೆಂಟು ಜನ ಗಾದಿಯ ಮೇಲೆ, ಇನ್ನು ಮೂರ್ನಾಲ್ಕು ಜನ ಹೊರಗಿನ ಕಟ್ಟೆಯ ಮೇಲೆ. ಮಗ ತಂದಿದ್ದ ಆ ಒಂಟಿ ಕುರ್ಚಿ ಪಡಸಾಲೆಗೆ ಹೋಗಿದೆ. ಅಕ್ಕ ಗೋಡೆಯ ಕೌದಿಯಲ್ಲಿ ಅವ್ವನ ಇಳಕಲ್ಲ ಸೀರೆಯ ತುಂಡನ್ನು ಗುರುತಿಸಿ, ದಿನವೂ ಅದರ ಪಕ್ಕದಲ್ಲಿಯೇ ಕುಳಿತುಕೊಳ್ಳುತ್ತಾಳೆ. ಕಳೆದ ಗುರುವಾರ ಹಾಡು ಮುಗಿದ ಮೇಲೆ, ನಡುವೆ ಒಂದು ಮಾತನ್ನು ನಾನು ಇಷ್ಟು ವರ್ಷ ತಪ್ಪಾಗಿ ಹೇಳುತ್ತಿದ್ದೆನೆಂದು ಎಲ್ಲರೆದುರು ನನ್ನನ್ನು ತಿದ್ದಿದಳು. ಅವಳು ಹೇಳಿದ್ದೇ ಸರಿಯಾಗಿತ್ತು.

ಈ ಕಡೆ ಬಂದಾಗ ಮನೆಗೆ ಬನ್ನಿ. ನಿಮಗೆ ಬಾಯಿಪಾಠವಾದ ಒಂದು ಹಾಡನ್ನು ತನ್ನಿ. ಕೊಳ್ಳುವ ವಿಚಾರವನ್ನು ಆಮೇಲೆ ಮಾಡೋಣ.